ಮನೆಯೊಳಗಿನ ಒಪ್ಪಿಗೆ ಸಾಲದು

(ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕನ್ನಡ ಓದುಗರ ಮುಂದೆ ಮಾಡಿದ ಭಾಷಣದ ಪಠ್ಯ)



2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ಆ ದೃಶ್ಯ ಹೊರನಾಡ ಕನ್ನಡಿಗರ ಮನೆಮನೆಗೂ ತಲುಪಿತು. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಇದೇ ಮಂಜಮ್ಮನನ್ನು ಹದಿಹರೆಯದಲ್ಲಿ ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಮುಂದೆ ವಿಷ ಕುಡಿದು ಬದುಕುಳಿದ ಅವರು ಮನೆ ತೊರೆದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು ಬಾಳಿದರು. ದೇವಿಯ ಸನ್ನಿಧಿಯಲ್ಲಿ ಜಾಗವಿದ್ದ ಮಗುವಿಗೆ ಹೆತ್ತವರ ಮನೆಯಲ್ಲಿ ಜಾಗವಿರಲಿಲ್ಲ. ಹಾಗೆಂದು ಆ ಹೆತ್ತವರನ್ನಷ್ಟೇ ದೂರಿದರೆ ಸಾಲದು. ಅವರ ಬೆನ್ನಿಗೂ ಯಾರೂ ನಿಂತಿರಲಿಲ್ಲ.

ಈ ನಗರದ ಕಥೆಯೊಂದನ್ನು ನೋಡೋಣ. ಆಡ್ರಿ ಎಂಬುಗುವಾ ಅವರ ಶಾಲಾ ಪ್ರಮಾಣಪತ್ರದಲ್ಲಿ ಹಳೆಯ ಹೆಸರೇ ಉಳಿದಿತ್ತು. ಅದನ್ನು ಬದಲಿಸಲು ಅವರು ಕೀನ್ಯಾದ ಪರೀಕ್ಷಾ ಮಂಡಳಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಹೆಸರನ್ನು ಬದಲಿಸಬೇಕು, ಲಿಂಗಸೂಚಕವನ್ನು ತೆಗೆಯಬೇಕು ಎಂದು 2014ರಲ್ಲಿ ಹೈಕೋರ್ಟ್ ಆದೇಶಿಸಿತು. ಅದು ದೊಡ್ಡ ಗೆಲುವು. ಆದರೆ ಅವರು ವಯಸ್ಕರು. ತಮ್ಮ ಪರವಾಗಿ ತಾವೇ ನಿಲ್ಲಬಲ್ಲವರು. ಹದಿನಾಲ್ಕರ ಮಗು ಏನು ಮಾಡಬೇಕು? ಹಾಜರಿ ಕೂಗುವಾಗಿನ ಹೆಸರು, ಸಮವಸ್ತ್ರ, ಶೌಚಾಲಯ: ಇವುಗಳ ಕುರಿತು ಮುಖ್ಯೋಪಾಧ್ಯಾಯರ ಮುಂದೆ ಕೂತು ಮಾತನಾಡುವವರು ಹೆತ್ತವರಲ್ಲದೆ ಇನ್ನಾರು?

ಭಾರತದ ಕಾನೂನಿಗೂ ಈ ಮಾತು ಅನ್ವಯಿಸುತ್ತದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಸ್ವಯಂ ಗುರುತಿನ ಹಕ್ಕನ್ನು ಮಾನ್ಯ ಮಾಡಿತು. 2019ರ ಕಾಯ್ದೆಯು, ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಮಗುವನ್ನು ನ್ಯಾಯಾಲಯದ ಆದೇಶವಿಲ್ಲದೆ ಹೆತ್ತವರಿಂದ ಬೇರ್ಪಡಿಸಬಾರದು ಎಂದಿತು. ಕುಟುಂಬ ನೋಡಿಕೊಳ್ಳಲಾರದಿದ್ದರೆ ಪುನರ್ವಸತಿ ಕೇಂದ್ರವನ್ನು ತೋರಿಸಿತು. ಮನೆಯೇ ಹಿಂಸೆಯ ತಾಣವಾದವರಿಗೆ, ಜಮಾತಿನ ಹಿರಿಯರಲ್ಲೇ ತಾಯಿಯನ್ನು ಕಂಡುಕೊಂಡವರಿಗೆ ಇದು ಉತ್ತರವಲ್ಲ. 2021ರಲ್ಲಿ ಕರ್ನಾಟಕ ಸರ್ಕಾರಿ ಹುದ್ದೆಗಳಲ್ಲಿ ಶೇ. 1ರಷ್ಟು ಮೀಸಲಾತಿ ನೀಡಿತು. ಆದರೆ ಶಾಲೆ ಮುಗಿಸದವರಿಗೆ ಆ ಮೀಸಲಾತಿ ಎಟುಕುವುದು ಹೇಗೆ? ಮನೆಯಿಂದ ಹೊರದಬ್ಬಿಸಿಕೊಂಡ ಮಗು ಶಾಲೆ ಮುಗಿಸುವುದು ಹೇಗೆ?

ಆದ್ದರಿಂದ ಹೆತ್ತವರ ಪ್ರೀತಿ ಕೇವಲ ಖಾಸಗಿ ಸಂಗತಿಯಲ್ಲ, ಅದು ರಾಜಕೀಯ ಕ್ರಿಯೆ. ಭಾರತದ 'ಸ್ವೀಕಾರ್' ಪೋಷಕರ ಬಳಗ ಇದನ್ನು ಅರಿತಿದೆ. 2023ರಲ್ಲಿ ವಿವಾಹ ಸಮಾನತೆಯ ವಿಚಾರಣೆ ನಡೆದಾಗ 400ಕ್ಕೂ ಹೆಚ್ಚು ಪೋಷಕರು ತಮ್ಮ ಮಕ್ಕಳ ಪರವಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ತೀರ್ಪು ಅವರು ಬಯಸಿದಂತೆ ಬರಲಿಲ್ಲ. ಆದರೂ ನಮ್ಮ ಮಕ್ಕಳಿಗೆ ನಾವಿದ್ದೇವೆ ಎಂಬ ಮಾತು ದಾಖಲಾಯಿತು.

ವಲಸಿಗರ ಭಯ ಇಮ್ಮಡಿಯಾದದ್ದು. ಇಲ್ಲಿನ ಸಮಾಜ ಏನೆಂದೀತು, ಊರಿನಲ್ಲಿ ತಿಳಿದರೆ ಗತಿಯೇನು? ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಲಮುಗಳನ್ನು ಕೀನ್ಯಾದ ಹೈಕೋರ್ಟ್ 2019ರಲ್ಲಿ ಎತ್ತಿಹಿಡಿದಿರುವಾಗ ಈ ಭಯ ನಿರಾಧಾರವೂ ಅಲ್ಲ. ಹಾಗಾಗಿ ಒಬ್ಬ ತಾಯಿ ಒಂಟಿಯಾಗಿ ಧೈರ್ಯ ತೋರಲಿ ಎಂದು ಕಾಯುವುದು ಅನ್ಯಾಯ. ಅವಳು ಶಾಲೆಯ ಕಚೇರಿಗೆ ಹೊರಟ ದಿನ ಜೊತೆಗೆ ಹೋಗಲು ಇನ್ನೊಂದು ಕನ್ನಡ ಮನೆ ಸಿದ್ಧವಿರಬೇಕು. ಪದ್ಮಶ್ರೀ ಬಂದ ಮೇಲೆ ಚಪ್ಪಾಳೆ ತಟ್ಟುವುದು ಸುಲಭ. ಮಗು ಇನ್ನೂ ಮನೆಯಲ್ಲಿರುವಾಗಲೇ ಅದರ ಪಕ್ಕದಲ್ಲಿ ನಿಲ್ಲುವುದು ನಮ್ಮ ಕೆಲಸ.