ಬೀಜದ ಒಡೆಯರನ್ನು ಕೇಳಿದಿರಾ?
ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರನ್ನು ನೆನೆದು

(ಹೆಬ್ಬಾಳದಲ್ಲಿ ಕೃಷಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ರೈತರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹೆಬ್ಬಾಳ ನನಗೆ ಹೊಸ ಊರಲ್ಲ. 1998ರಲ್ಲಿ ನಾನು ಇಲ್ಲಿಯೇ ಕೃಷಿ ಪದವಿಯ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದೆ. ಆ ನವೆಂಬರ್ ತಿಂಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ರೈತ ಸಂಘದವರು ಕಿತ್ತು ಸುಟ್ಟರೆಂಬ ಸುದ್ದಿ ಬಂತು. ಹಾಸ್ಟೆಲಿನಲ್ಲಿ ನಾವೆಲ್ಲ ಸಿಟ್ಟಾದೆವು. ಪ್ರಯೋಗದ ತಾಕನ್ನು ಸುಡುವುದೂ ಪುಸ್ತಕವನ್ನು ಸುಡುವುದೂ ಒಂದೇ ಎಂದು ವಾದಿಸಿದವರಲ್ಲಿ ನಾನೂ ಒಬ್ಬ. ಆ ಕಾರ್ಯಾಚರಣೆಯ ಮುಂದಾಳುವಿನ ಬಗ್ಗೆ ಮಾತನಾಡಲು ಇಂದು ಅದೇ ಹೆಬ್ಬಾಳದಲ್ಲಿ ನಿಂತಿದ್ದೇನೆ. ಅಂದಿನ ನನ್ನ ಸಿಟ್ಟು ಪೂರ್ತಿ ತಪ್ಪಾಗಿತ್ತೆಂದು ಈಗಲೂ ಹೇಳಲಾರೆ. ಆದರೆ ವಿಜ್ಞಾನಿಗಳಾಗಲು ಹೊರಟಿದ್ದ ನಾವು ಕೇಳಿಕೊಳ್ಳದಿದ್ದ ಒಂದು ಪ್ರಶ್ನೆಯನ್ನು ಅವರು ಕೇಳಿದ್ದರು: ಬೀಜ ಯಾರದು?

ನಂಜುಂಡಸ್ವಾಮಿಯವರು ಹುಟ್ಟಿದ್ದು 1936ರಲ್ಲಿ. ಅವರ ವಿದ್ಯೆ ಕಾನೂನಿನದು. ಹಾಲೆಂಡಿನ ಹೇಗ್ ನಗರದಲ್ಲಿ ಉನ್ನತ ಅಧ್ಯಯನ ಮಾಡಿ ಬಂದು, ಬೆಂಗಳೂರಿನಲ್ಲಿ ಕಾನೂನಿನ ಅಧ್ಯಾಪಕರಾದರು. ಲೋಹಿಯಾ ವಿಚಾರಧಾರೆಯ ಸಮಾಜವಾದಿ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತಾಗ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಅದೇ ವರ್ಷ ನಮ್ಮ ಶಿವಮೊಗ್ಗದ ನೆಲದಿಂದ ಕರ್ನಾಟಕ ರಾಜ್ಯ ರೈತ ಸಂಘ ಮೂಡಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮೊದಲಾದವರ ಜೊತೆ ನಿಂತ ಈ ಮೇಷ್ಟ್ರನ್ನು ರೈತರು ಕೊನೆಯವರೆಗೂ ‘ಪ್ರೊಫೆಸರ್’ ಎಂದೇ ಕರೆದರು. ಆ ಹೆಸರು ಸರಿಯಾಗಿಯೇ ಇತ್ತು. ಹಸಿರು ಶಾಲು ಹೊದ್ದ ಮೇಲೂ ಅವರು ಪಾಠ ಮಾಡುವುದನ್ನು ಬಿಡಲಿಲ್ಲ, ತರಗತಿ ಮಾತ್ರ ಬದಲಾಯಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ಎದ್ದವು. ಜಪ್ತಿಗೆ ಬಂದವರನ್ನು ‘ಯಾವ ಕಾನೂನಿನಡಿ ಬಂದಿರಿ?’ ಎಂದು ಕೇಳುವ ಧೈರ್ಯ ಸಾಮಾನ್ಯ ರೈತನಿಗೆ ಬಂತು.

ಪರಿಸರದ ವಿಷಯಕ್ಕೆ ಬರುತ್ತೇನೆ. 1983ರಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ಹೊಲಗಳಿಗೆಲ್ಲ ನೀಲಗಿರಿ ನುಗ್ಗುತ್ತಿತ್ತು. ತುಮಕೂರು ಜಿಲ್ಲೆಯ ರೈತರು ಸರ್ಕಾರಿ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಅಂದು ಅದಕ್ಕೆ ಪುಂಡಾಟವೆಂಬ ಹೆಸರು ಬಂತು. ಯಲಹಂಕದಿಂದ ದೇವನಹಳ್ಳಿಯ ಕಡೆಗೆ ಹೋಗುವಾಗ ಕಾಣುತ್ತಿದ್ದ ನೀಲಗಿರಿ ತೋಪುಗಳನ್ನೂ, ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದುದನ್ನೂ ಇಲ್ಲಿಯವರು ಬಲ್ಲರು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ, ಅಕೇಶಿಯಾಗಳನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ರೈತ ಕಂಡದ್ದನ್ನು ಕಡತ ಕಾಣಲು 34 ವರ್ಷ ಬೇಕಾಯಿತು.

ಮುಂದಿನದು ಬೀಜದ ಹೋರಾಟ. 1991ರ ಡಂಕೆಲ್ ಕರಡು ಇಂಗ್ಲಿಷಿನ ದಪ್ಪ ದಾಖಲೆ. ವಿಶ್ವವಿದ್ಯಾನಿಲಯಗಳಲ್ಲೂ ಅದನ್ನು ಓದಿದವರು ಕಡಿಮೆ. ಸಸ್ಯತಳಿಗಳ ಮೇಲೆ ಖಾಸಗಿ ಹಕ್ಕು ಬಂದರೆ, ಬೆಳೆದ ಕಾಳನ್ನೇ ಮತ್ತೆ ಬಿತ್ತುವ ರೈತನ ಗತಿ ಏನಾದೀತೆಂಬುದನ್ನು ಅವರು ಹಳ್ಳಿಯ ಶಿಬಿರಗಳಲ್ಲಿ ಬಿಡಿಸಿ ಹೇಳಿದರು. ಕಾನೂನು ಓದಿದ ಮನುಷ್ಯ ತನ್ನ ವಿದ್ಯೆಯನ್ನು ಎಲ್ಲಿ ಖರ್ಚು ಮಾಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಯ ಕಾಗದಪತ್ರಗಳು ಬೀದಿಗೆ ಬಿದ್ದು ಉರಿದವು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪನಿಯ ಬೀಜ ಘಟಕ ನೆಲಸಮವಾಯಿತು. ಇವನ್ನೆಲ್ಲ ನಾನು ಮೆಚ್ಚಿ ಹೇಳುತ್ತಿಲ್ಲ. ಆಸ್ತಿಯನ್ನು ಒಡೆಯುವುದು ಅಹಿಂಸೆಯೇ ಎಂಬ ಚರ್ಚೆ ಆಗಲೇ ಇತ್ತು, ಈಗಲೂ ಇರಬೇಕು. ಆದರೆ 1998ರಲ್ಲಿ ಹತ್ತಿ ಸುಡುವ ಮೊದಲು, ಹೊಲದ ರೈತರಿಗಾಗುವ ನಷ್ಟವನ್ನು ಸಂಘ ತುಂಬಿಕೊಡುವುದೆಂದು ಅವರು ಹೇಳಿದ್ದರು. ಹಾಸ್ಟೆಲಿನ ನಮ್ಮ ವಾದದಲ್ಲಿ ಆ ರೈತರ ಮಾತೇ ಬಂದಿರಲಿಲ್ಲ.

ಮಿತ್ರರೇ, ನಾನು ವಿಜ್ಞಾನದ ವಿರೋಧಿಯಲ್ಲ. ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ರೂಪಿಸಿದ ಇಂಡಾಫ್ ತಳಿಗಳು ಬಡವರ ಮುದ್ದೆಯನ್ನು ದೊಡ್ಡದು ಮಾಡಿದವು. ಎರಡು ಖಂಡಗಳ ರೈತರು ಕಾಪಾಡಿದ್ದ ಕಾಳು ವಿಜ್ಞಾನಿಯ ಕೈಗೆ ಬಂದು, ತಿರುಗಿ ರೈತನ ಹೊಲವನ್ನೇ ಸೇರಿತು. ತಿರುಗಿ ಸೇರುವ ಈ ದಾರಿ ಮುಚ್ಚಬಾರದು ಎಂಬುದಷ್ಟೇ ಪ್ರಶ್ನೆ.

ಆ ದಾರಿಯನ್ನು ನಾನೇ ಒಮ್ಮೆ ಮುಚ್ಚಿದ್ದೇನೆ. ಅದನ್ನು ಹೇಳದೆ ಈ ಭಾಷಣ ಮುಗಿಸುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ಸೊರಬದ ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ತಾಯಿಯೊಬ್ಬರಿಂದ ನೆರೆಗುಳಿ ಭತ್ತದ ಬೀಜ ಪಡೆದೆ. ಗದ್ದೆಯಲ್ಲಿ ನೆರೆ ನಿಂತರೂ ತಡೆದುಕೊಳ್ಳುವ ತಳಿ ಅದು. ‘ತಮ್ಮಾ, ಮುಂದೆ ನಮಗೇ ಬೇಕಾದ್ರೆ ಕೊಡ್ತೀಯಲ್ಲ?’ ಎಂದು ಕೇಳಿದರು. ‘ಖಂಡಿತ ಕೊಡ್ತೀನಮ್ಮಾ’ ಎಂದೆ. ಪೊಟ್ಟಣದ ಮೇಲೆ ಊರಿನ ಹೆಸರು, ಒಂದು ಸಂಖ್ಯೆ ಬರೆದೆ. ಅವರ ಹೆಸರು ಬರೆಯಲಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಅವರ ಮನೆಯ ಗೋಡೆ ಕುಸಿದು ಬೀಜದ ಭತ್ತವೆಲ್ಲ ನೆನೆದು ಮೊಳೆಯಿತು. ಮಗನನ್ನು ನನ್ನ ಬಳಿಗೆ ಕಳುಹಿಸಿದರು. ಹುಡುಕಿದರೆ, ಮೊಳಕೆ ಪರೀಕ್ಷೆಗೇ ಆ ಮಾದರಿ ಮುಗಿದುಹೋಗಿತ್ತು. ನನ್ನ ವರದಿಯಲ್ಲಿ ಕೋಷ್ಟಕವಿತ್ತು, ಕಾಳಿರಲಿಲ್ಲ. ಆ ಹುಡುಗ ಏನೂ ಅನ್ನಲಿಲ್ಲ, ಕಾಫಿ ಕುಡಿದು ಹೊರಟುಹೋದ. ಅಂದು ಪ್ರೊಫೆಸರರ ಪ್ರಶ್ನೆ ನನಗೆ ಅರ್ಥವಾಯಿತು. ಬೀಜ ಕಸಿಯಲು ಬಹುರಾಷ್ಟ್ರೀಯ ಕಂಪನಿಯೇ ಬೇಕಿಲ್ಲ, ಒಬ್ಬ ಮರೆಗುಳಿ ವಿಜ್ಞಾನಿ ಸಾಕು.

ಈಗ ಕಾನೂನಿದೆ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರಲ್ಲಿ ಬಂತು. ಅದರ 39ನೇ ವಿಧಿಯಂತೆ ರೈತನು ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಇದು ಒಬ್ಬರ ಕೊಡುಗೆಯಲ್ಲ, ದೇಶದ ಹಲವು ಚಳವಳಿಗಳ ಒತ್ತಾಯದ ಫಲ. 2019ರಲ್ಲಿ ಪೆಪ್ಸಿಕೋ ಕಂಪನಿಯು ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ, ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿ, ದಾವೆ ಹೂಡಿತು. ರೈತ ಸಂಘಟನೆಗಳು ಎತ್ತಿಹಿಡಿದದ್ದು ಇದೇ 39ನೇ ವಿಧಿಯನ್ನು. ಕೆಲವೇ ವಾರಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. ಓದಿದ ಕಾನೂನು ಕಾಯುತ್ತದೆ, ಓದದ ಕಾನೂನು ಕಪಾಟಿನಲ್ಲಿರುತ್ತದೆ.

ಬಿಟಿ ಹತ್ತಿಯ ಕಥೆಯೂ ಎರಡೂ ಪಕ್ಷಕ್ಕೆ ಪಾಠ. 2002ರಲ್ಲಿ ಅನುಮತಿ ದೊರೆತ ಮೇಲೆ ರೈತರೇ ಅದನ್ನು ಒಪ್ಪಿದರು, ದೇಶದ ಹತ್ತಿ ಪ್ರದೇಶದ ಬಹುಪಾಲನ್ನು ಅದು ಆವರಿಸಿತು. ಅನಂತರ ಗುಲಾಬಿ ಕಾಯಿಕೊರಕ ಹುಳು ನಿರೋಧಕ ಶಕ್ತಿ ಬೆಳೆಸಿಕೊಂಡಿತು. ಸುಟ್ಟದ್ದರಿಂದ ತಂತ್ರಜ್ಞಾನ ನಿಲ್ಲಲಿಲ್ಲ, ತಂತ್ರಜ್ಞಾನದಿಂದ ಹುಳುವೂ ನಿಲ್ಲಲಿಲ್ಲ.

ಬಹುಶಃ ಇದನ್ನು ಅರಿತೇ ಅವರು ಕಟ್ಟುವ ಕೆಲಸಕ್ಕೂ ಕೈಹಾಕಿದರು. ಚಾಮರಾಜನಗರ ಜಿಲ್ಲೆಯ ‘ಅಮೃತಭೂಮಿ’ ಅವರ ಕನಸು. 2004ರ ಫೆಬ್ರವರಿ 3ರಂದು ಅವರು ತೀರಿಕೊಂಡಾಗ ಅದಿನ್ನೂ ಎಳೆಯ ಸಸಿ. ಮಗಳು ಚುಕ್ಕಿ ನಂಜುಂಡಸ್ವಾಮಿ ಮತ್ತು ಸಂಗಾತಿಗಳ ದುಡಿಮೆಯಿಂದ ಅದು ನೈಸರ್ಗಿಕ ಕೃಷಿಯ ಶಾಲೆಯಾಗಿ, ನಾಟಿ ಬೀಜಗಳ ನೆಲೆಯಾಗಿ ಬೆಳೆಯಿತು.

ಊರಿನಿಂದ ಬಂದ ಬಂಧುಗಳಿಗೆ ಒಂದು ಮಾತು: ನಿಮ್ಮ ತಳಿಗಳನ್ನು ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ಬರೆಸಿರಿ, ಕನಿಷ್ಠ ಎರಡು ಮನೆಗಳಲ್ಲಿ ಬೀಜ ಉಳಿಸಿರಿ. ವಿದ್ಯಾರ್ಥಿಗಳಿಗೆ ಒಂದು ಮಾತು: ಬೀಜ ಪಡೆದ ದಿನವೇ ಕೊಟ್ಟವರ ಹೆಸರು ಬರೆಯಿರಿ, ಅವರ ಪಾಲನ್ನು ತೆಗೆದಿಟ್ಟು ಉಳಿದುದನ್ನಷ್ಟೇ ಪರೀಕ್ಷೆಗೆ ಬಳಸಿರಿ.

ಆ ತಾಯಿಗಾಗಿ ನೆರೆಗುಳಿಯನ್ನು ನೆರೆಯೂರುಗಳಲ್ಲಿ ಹುಡುಕಿ, ಎರಡು ವರ್ಷಗಳ ಮೇಲೆ ಮೂರು ಸೇರು ತಲುಪಿಸಿದೆ. ಮೊರದಲ್ಲಿ ಹರಡಿ ನೋಡಿದ ಅವರು, ‘ಇದು ನಮ್ದಲ್ಲ ತಮ್ಮಾ, ಆದ್ರೂ ಬಿತ್ತಿ ನೋಡ್ತೀನಿ’ ಎಂದರು.