ತಲೆಸಾಲಿಲ್ಲದ ಕಡತ

ಓದುಗರೆ, ಕೊಡಗಿನ ಕಾಫಿತೋಟದ ಮನೆಗಳಿಗೆ ತಾವು ಹೋದಿರಾದರೆ ಅಂಗಳದ ಮೂಲೆಯಲ್ಲಿ ಮಳೆಮಾಪಕವನ್ನೂ, ಒಳಗೆ ಮೇಜಿನ ಮೇಲೆ ಮಳೆಯ ಪುಸ್ತಕವನ್ನೂ ಕಾಣಬಹುದು. ಬೆಳಗಾಗುತ್ತಲೇ ಮನೆಯ ಹಿರಿಯರು ಮಾಪಕದ ನೀರನ್ನು ಅಳೆದು 'ಎರಡು ಇಂಚು ಮೂವತ್ತೈದು ಸೆಂಟು' ಎಂದು ಬರೆದಿಡುತ್ತಾರೆ. ಸೆಂಟೆಂದರೆ ಇಂಚಿನ ನೂರನೆಯ ಒಂದು ಪಾಲು. ನೆಲವನ್ನಳೆಯುವ ಸೆಂಟು ಬೇರೆ. ಇಂತಹ ಕೆಲವು ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸುವ ಹುರುಪು ನಮ್ಮ ಶಾಲೆಯ ಮಕ್ಕಳಿಗೆ ಹುಟ್ಟಿತು. ಹಳೆಯ ಕೈಬರಹವನ್ನು ಓದಿಕೊಡುವ ಕೆಲಸ ಕನ್ನಡ ಪಂಡಿತನಾದ ನನ್ನ ಪಾಲಿಗೆ ಬಂತು. ಆ ನೆಪದಿಂದ ನಾನು ಕಲಿತುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮಕ್ಕಳು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಒಂದೊಂದು ದಿನದ ಲೆಕ್ಕವೂ ಒಂದೊಂದು 'ಆಬ್ಜೆಕ್ಟ್'. ಅದರೊಳಗೆ ದಿನಾಂಕ, ಊರು, ಮಳೆ, ಷರಾ ಎಂದು ಹೆಸರುಗಳಿರುತ್ತವೆ. ಪ್ರತಿಯೊಂದು ಬೆಲೆಯೂ ತನ್ನ ಹೆಸರಿಗೆ ಅಂಟಿಕೊಂಡಿರುತ್ತದೆ. 'ರಾಮನು ರಾವಣನನ್ನು ಕೊಂದನು' ಎಂಬ ವಾಕ್ಯದ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಕೊಂದವನು ರಾಮನೇ, ಏಕೆಂದರೆ ವಿಭಕ್ತಿ ಪ್ರತ್ಯಯ ಕಾಯುತ್ತದೆ. ಆಬ್ಜೆಕ್ಟಿನಲ್ಲಿ ಹೆಸರು ಮಾಡುವ ಕೆಲಸವೂ ಅದೇ. ಆದರೆ ಅದನ್ನು ಸಿ.ಎಸ್.ವಿ. ಎಂಬ ಸಾದಾ ಪಠ್ಯದ ಕಡತಕ್ಕೆ ಬರೆದಾಗ ಹೆಸರುಗಳು ಉದುರಿ, ಅಲ್ಪವಿರಾಮಗಳ ನಡುವೆ ಬರಿಯ ಬೆಲೆಗಳು ಉಳಿಯುತ್ತವೆ. ಆಗ ಸ್ಥಾನವೇ ವಿಭಕ್ತಿ. ಯಾವ ಸ್ಥಾನಕ್ಕೆ ಯಾವ ಹೆಸರೆಂದು ತಿಳಿಸುವುದು ಮೊದಲನೆಯ ಸಾಲು. ನಾವು ಅದನ್ನು 'ತಲೆಸಾಲು' ಎಂದು ಕರೆದೆವು.

ನಮ್ಮ ಮೊದಲ ಕಡತಕ್ಕೆ ತಲೆಸಾಲೇ ಇರಲಿಲ್ಲ. ಎರಡನೆಯದಕ್ಕೆ ಇತ್ತು, ಆದರೆ ಅದರಲ್ಲಿ 'ಮಳೆ' ಎಂದಷ್ಟೇ ಬರೆದಿತ್ತು. ಹಳೆಯ ಪುಸ್ತಕಗಳ ಲೆಕ್ಕ ಇಂಚಿನದು, ಹೊಸ ಮಾಪಕಗಳದು ಮಿಲಿಮೀಟರಿನದು. ಒಂದಿಂಚಿಗೆ 25.4 ಮಿಲಿಮೀಟರು, ಆದುದರಿಂದ 2.35 ಎಂಬುದೂ 59.7 ಎಂಬುದೂ ಒಂದೇ ಮಳೆ. ಹತ್ತಿಂಚು ಸುರಿದ ಊರನ್ನು ಯಂತ್ರವು ನಲವತ್ತು ಮಿಲಿಮೀಟರು ಬಿದ್ದ ಊರಿಗಿಂತ ಕೆಳಗೆ ಇಟ್ಟಿತು. ಯಂತ್ರಕ್ಕೆ ಸಂಕೋಚವೆಂಬುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದುದನ್ನು ಕಣ್ಣಾರೆ ಕಂಡ ನಾಡಿನಲ್ಲಿ ಇದು ಬರಿಯ ಅಂಕಿಯ ತಪ್ಪೆಂದು ನಕ್ಕುಬಿಡುವಂತಿರಲಿಲ್ಲ. ಅಂದಿನಿಂದ ನಮ್ಮ ತಲೆಸಾಲಿನಲ್ಲಿ 'ಮಳೆ_ಮಿಮೀ' ಎಂದಿದೆ.

ಬರೆಯುವ ಕ್ರಮ ಕಷ್ಟವಲ್ಲ. ಪೈಥಾನಿನಲ್ಲಿ 'ಡಿಕ್ಟ್‌ರೈಟರ್' ಎಂಬ ಲಿಪಿಕಾರನಿದ್ದಾನೆ. ಹೆಸರುಗಳ ಪಟ್ಟಿಯನ್ನು ಮೊದಲು ಅವನ ಕೈಗೆ ಕೊಡಬೇಕು. 'ರೈಟ್‌ಹೆಡರ್' ಎಂದರೆ ತಲೆಸಾಲನ್ನು ಬರೆಯುತ್ತಾನೆ. ಆಮೇಲೆ ಆಬ್ಜೆಕ್ಟು ಯಾವ ಅನುಕ್ರಮದಲ್ಲಿ ಬಂದರೂ ಹೆಸರು ನೋಡಿ ಆಯಾ ಸ್ಥಾನಕ್ಕೆ ಸೇರಿಸುತ್ತಾನೆ. ಒಂದು ಹೆಸರು ಕಡಿಮೆಯಾದರೆ ಆ ಜಾಗವನ್ನು ಖಾಲಿ ಬಿಡುತ್ತಾನೆ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ದೋಷವೆಂದು ಕೂಗಿ ನಿಲ್ಲುತ್ತಾನೆ. ಅವನ ಬಾಯಿ ಮುಚ್ಚಿಸುವ ಉಪಾಯವೂ ಉಂಟು. ಅದನ್ನು ಮಕ್ಕಳಿಗೆ ನಾನು ಹೇಳಿಕೊಡಲಿಲ್ಲ, ಅವರೇ ಹುಡುಕಿಕೊಂಡರು! ದಿನದಿನವೂ ಅದೇ ಕಡತದ ಕೊನೆಗೆ ಸೇರಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಕಡತ ಖಾಲಿಯಿದ್ದಾಗ ಮಾತ್ರ ತಲೆಸಾಲು. ಒಬ್ಬ ಹುಡುಗ ಇದನ್ನು ಮರೆತುದರಿಂದ ಹತ್ತು ದಿನಗಳಲ್ಲಿ ಕಡತಕ್ಕೆ ರಾವಣನಂತೆ ಹತ್ತು ತಲೆಗಳಾದವು.

ಷರಾದಲ್ಲಿ 'ಗಾಳಿ, ಕರೆಂಟಿಲ್ಲ' ಎಂದಿದ್ದರೆ ನಡುವಣ ಅಲ್ಪವಿರಾಮ ಒಂದು ಸ್ಥಾನವನ್ನು ಎರಡಾಗಿ ಸೀಳುತ್ತದೆ. ಅಂತಹುದನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡಬೇಕೆಂದು 2005ರ ಆರ್.ಎಫ್.ಸಿ. 4180 ಎಂಬ ಲೇಖ ಹೇಳುತ್ತದೆ. ಲಿಪಿಕಾರನಿಗೆ ಅದು ಗೊತ್ತು. ಕೈಯಿಂದ ಅಲ್ಪವಿರಾಮ ಪೋಣಿಸಹೊರಟವರಿಗೆ ಗೊತ್ತಿರುವುದಿಲ್ಲ. ಕನ್ನಡದಲ್ಲಿ ಬರೆಯುವವರು ಕಡತವನ್ನು ತೆರೆಯುವಾಗ 'ಯುಟಿಎಫ್-8-ಸಿಗ್' ಎಂದು ಹೇಳಿಬಿಡುವುದು ಮೇಲು, ಇಲ್ಲವಾದರೆ ಎಕ್ಸೆಲ್ಲಿನಲ್ಲಿ ನಮ್ಮ ಅಕ್ಷರಗಳು ಗುರುತು ಸಿಗದಂತೆ ಕೆಡುವುದುಂಟು.

ಕೊನೆಗೆ ಒಂದು ತೊಡಕು ಉಳಿಯಿತು. ಸೊನ್ನೆಯೆಂದರೆ ಅಳೆದು ನೋಡಿದೆವು, ಮಳೆಯಿಲ್ಲ, ಖಾಲಿಯೆಂದರೆ ಅಳೆಯಲಿಲ್ಲ. ಇಷ್ಟನ್ನು ಮಕ್ಕಳು ಒಪ್ಪಿದರು. ಆದರೆ ಒಂದು ಪುಸ್ತಕದಲ್ಲಿ ಕಕ್ಕಡದ ಒಂದು ದಿನದೆದುರು ಅಂಕಿಯೇ ಇರಲಿಲ್ಲ, 'ಮಾಪಕ ತುಂಬಿ ಚೆಲ್ಲಿದೆ' ಎಂದಿತ್ತು. "ಸಾರ್, ಇದಕ್ಕೆ ಏನು ಹಾಕುವುದು?" ಎಂದಳು ಹುಡುಗಿ. ಮಳೆಯ ಸ್ಥಾನವನ್ನು ಖಾಲಿ ಬಿಟ್ಟು, ಆ ಮೂರು ಮಾತುಗಳನ್ನು ಷರಾದಲ್ಲಿ ಇದ್ದಂತೆಯೇ ಬರೆಸಿದೆ.