ಹಳೆಯ ಸಿ.ಎನ್.ಸಿ. ಯಂತ್ರ ಕೊಳ್ಳುವ ಮುನ್ನ



ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ, ಮನೆಯ ಕಾರ್ ಷೆಡ್ಡಿನಲ್ಲೇ ಸಣ್ಣದೊಂದು ವರ್ಕ್‌ಷಾಪ್ ತೆರೆಯಬೇಕೆಂಬ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಹೊಸ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರದ ಬೆಲೆ ಕೇಳಿದಾಗ ಮನಸ್ಸು ತಾನಾಗಿಯೇ ಹಳೆಯ ಯಂತ್ರಗಳತ್ತ ಹೊರಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಂದೆಯವರು ಸಾಲ ಮಾಡಿ ತಂದ ಹಣವನ್ನು ಎಣಿಸಿ ಕೊಡುವ ಮೊದಲು, ಒಂದು ಡಯಲ್ ಗೇಜನ್ನು ಜೊತೆಗೆ ಕೊಂಡೊಯ್ಯಿರಿ.

ಏಕೆಂದು ಹೇಳುತ್ತೇನೆ. ಹಳೆಯ ಯಂತ್ರದ ಸವೆತವನ್ನು ಹೊಸ ಬಣ್ಣ ಮರೆಮಾಡುತ್ತದೆಂಬುದು ಎಲ್ಲರಿಗೂ ಗೊತ್ತು. ಅದರ ಗಣಕವೂ ಮರೆಮಾಡಬಲ್ಲದು! ಮೇಜನ್ನು ಸರಿಸುವ ಬಾಲ್ ಸ್ಕ್ರೂ ಸವೆದಿದ್ದರೆ, ದಿಕ್ಕು ಬದಲಿಸಿದಾಗ ಅದು ಕೊಂಚ ವ್ಯರ್ಥವಾಗಿ ತಿರುಗಿ, ಆಮೇಲಷ್ಟೇ ಮೇಜನ್ನು ಎಳೆಯುತ್ತದೆ. ಇದೇ ಬ್ಯಾಕ್‌ಲ್ಯಾಶ್. ಈ ವ್ಯತ್ಯಾಸವನ್ನು ಗಣಕಕ್ಕೆ ಬರೆದಿಟ್ಟರೆ ಅದು ಅಷ್ಟನ್ನು ತಾನೇ ಸರಿದೂಗಿಸುತ್ತದೆ. ಫಾನುಕ್ 16 ಮತ್ತು 18 ಮಾಲಿಕೆಯ ನಿಯಂತ್ರಕಗಳಲ್ಲಿ ಈ ಅಂಕಿ 1851ನೆಯ ಪ್ಯಾರಾಮೀಟರಿನಲ್ಲಿರುತ್ತದೆ. ತೆರೆದು ತೋರಿಸಲು ಕೇಳಿ.

ಆದರೆ ಸವೆತ ಎಲ್ಲೆಡೆ ಸಮನಾಗಿರುವುದಿಲ್ಲ. ವರ್ಷಗಟ್ಟಲೆ ಮೇಜಿನ ನಡುವೆಯೇ ವೈಸ್ ಕಟ್ಟಿ ಕೆಲಸ ಮಾಡಿದ್ದರೆ ಸ್ಕ್ರೂವಿನ ನಡುಭಾಗ ಹೆಚ್ಚು ಸವೆದಿರುತ್ತದೆ. ಒಂದೇ ಅಂಕಿ ನಡುವಿಗೂ ತುದಿಗಳಿಗೂ ಹೇಗೆ ಹೊಂದೀತು? ಆದ್ದರಿಂದ ಗೇಜನ್ನು ಸ್ಪಿಂಡಲ್ ಬದಿಗೆ ಕಟ್ಟಿ, ಅದರ ಮೊನೆಯನ್ನು ಮೇಜಿನ ಮೇಲಿಟ್ಟ ಕಬ್ಬಿಣದ ತುಂಡಿಗೆ ತಾಗಿಸಿ. ಮೇಜನ್ನು 0.01 ಮಿಲಿಮೀಟರಿನ ಹೆಜ್ಜೆಗಳಲ್ಲಿ ಒಂದು ಕಡೆಗೆ ಸರಿಸಿ, ನಂತರ ಹಿಂದಿರುಗಿಸಿ. ಎಷ್ಟು ಹೆಜ್ಜೆಯ ನಂತರ ಮುಳ್ಳು ಹಿಂದಕ್ಕೆ ಚಲಿಸಿತು? ಇದನ್ನು ಎಡತುದಿ, ನಡು, ಬಲತುದಿ ಮೂರರಲ್ಲೂ ಮಾಡಿ. ಮೂರು ಉತ್ತರಗಳು ದೂರದೂರವಾಗಿದ್ದರೆ, ಬಣ್ಣ ಎಷ್ಟೇ ಹೊಳೆಯುತ್ತಿರಲಿ, ಮರಳಿ ಬನ್ನಿ.

ಸ್ಪಿಂಡಲನ್ನು ತಣ್ಣಗಿರುವಾಗಲೇ ಕೈಯಿಂದ ಮುಟ್ಟಿ ನೋಡಿ, ಬಳಿಕ ಓಡಿಸಿ ಬೇರಿಂಗಿನ ಸದ್ದು ಕೇಳಿ. ನೀವು ಹೋಗುವ ಹೊತ್ತಿಗೆ ಮಾರುವವರು ಅದನ್ನು ಮೊದಲೇ ಓಡಿಸಿ ಬೆಚ್ಚಗಾಗಿಸಿದ್ದರೆ ಅನುಮಾನಿಸಿ.

ಇನ್ನು ಬ್ಯಾಟರಿ. ಹಲವು ಹಳೆಯ ನಿಯಂತ್ರಕಗಳು ತಮ್ಮ ಪ್ಯಾರಾಮೀಟರುಗಳನ್ನು ಚಿಕ್ಕದೊಂದು ಬ್ಯಾಟರಿಯ ಬಲದಿಂದಲೇ ನೆನಪಿಟ್ಟುಕೊಂಡಿರುತ್ತವೆ. ಯಂತ್ರ ಮೂಲೆ ಸೇರಿ ಬ್ಯಾಟರಿ ಸತ್ತರೆ ನೆನಪೂ ಹೋಯಿತು. ಪ್ಯಾರಾಮೀಟರುಗಳ ಪ್ರತಿ ಇದೆಯೇ ಎಂದು ಕೇಳಿ ಪಡೆಯಿರಿ. ಬ್ಯಾಟರಿ ಬದಲಿಸುವಾಗ ಯಂತ್ರದ ವಿದ್ಯುತ್ ಚಾಲೂ ಇರಬೇಕೆಂಬುದನ್ನೂ ಮರೆಯದಿರಿ.

ಮನೆಯ ವಿಷಯವನ್ನೂ ಅಳೆಯಿರಿ. ಇಂಥ ಯಂತ್ರ ಹಲವು ಟನ್ ತೂಗೀತು. ನೆಲ, ಬಾಗಿಲಿನ ಎತ್ತರ, ಕ್ರೇನ್ ಬರುವ ದಾರಿ ಎಲ್ಲವೂ ಸರಿಹೊಂದಬೇಕು. ದೊಡ್ಡ ಯಂತ್ರಗಳಿಗೆ ಮೂರು ಫೇಸಿನ 415 ವೋಲ್ಟ್ ಬೇಕು, ನಿಮ್ಮ ಮನೆಗೆ ಒಂದೇ ಫೇಸ್ ಇರಬಹುದು.

ಕಬ್ಬಿಣ ಗಟ್ಟಿ, ಗಣಕ ಮಾತ್ರ ಸತ್ತಿದೆ ಎಂದಾದರೆ ಬೆಲೆ ಇಳಿಯುತ್ತದೆ. ಅಮೆರಿಕದ ಎನ್.ಐ.ಎಸ್.ಟಿ. ಸಂಸ್ಥೆಯ ಕೆಲಸದಿಂದ ಬೆಳೆದ ಲಿನಕ್ಸ್‌ಸಿ.ಎನ್.ಸಿ. ಎಂಬ ಉಚಿತ ತಂತ್ರಾಂಶವನ್ನು ಸಾಮಾನ್ಯ ಗಣಕದಲ್ಲಿ ಹಾಕಿ ಅಂಥ ಯಂತ್ರವನ್ನು ನಡೆಸಬಹುದು. ಸರ್ವೋ ಮೋಟಾರು, ಡ್ರೈವುಗಳ ಬೆಲೆಯನ್ನು ಮಾತ್ರ ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.